ಮಂಚದ ಕಾಲಿಗೆ ನೀರಿನ ಬಟ್ಟಲು

ನನಗೆ ಬಂದದ್ದು ಸಾಮಾನ್ಯ ಕಾಯಿಲೆಯಲ್ಲ. ಶಿಡ್ಲಘಟ್ಟದಲ್ಲಿ ಸಕ್ಕರೆ ಕಾಯಿಲೆ ಯಾರಿಗೆ ಬೇಕಾದರೂ ಬರುತ್ತದೆ, ಕೆಮ್ಮಂತೂ ರೇಷ್ಮೆ ಬಿಚ್ಚುವ ಮನೆಮನೆಯಲ್ಲೂ ಬಾಡಿಗೆಗೆ ಇರುತ್ತದೆ. ನನ್ನದು ಹಾಗಲ್ಲ. ಅದಕ್ಕೆ ಪರದೇಶದ ಡಾಕ್ಟರುಗಳ ಹೆಸರು ಜೋಡಿಸಿ ಇಟ್ಟಿದ್ದಾರೆ. ಹೇಳಲು ಹೋದರೆ ನಾಲಿಗೆಗೂ ಲಕ್ವ ಹೊಡೆಯುತ್ತದೆ. ನನ್ನನ್ನು ನೋಡಿದ ಡಾಕ್ಟರು ಅದಕ್ಕೆ ಮೊದಲು ಆ ಕಾಯಿಲೆಯನ್ನು ಪುಸ್ತಕದಲ್ಲಿ ಮಾತ್ರ ಕಂಡಿದ್ದರಂತೆ. ನಾಲ್ಕು ತಾಲ್ಲೂಕಿನಲ್ಲಿ ಇಂಥದ್ದನ್ನು ತಂದುಕೊಂಡವನು ನಾನೊಬ್ಬನೇ ಎಂದು ಬಹಳ ವರ್ಷ ಜಂಬ ಕೊಚ್ಚಿಕೊಂಡಿದ್ದೆ.

ಈಚೆಗೆ ಆ ಜಂಬಕ್ಕೂ ಕಲ್ಲು ಬಿತ್ತು. ಗೌರಿಬಿದನೂರಿನ ಕಡೆಯ ಒಬ್ಬರು ನನ್ನ ಮನೆ ಹುಡುಕಿಕೊಂಡು ಬಂದರು. ಅವರ ಮಗಳಿಗೆ ಇದೇ ಆಗಿದೆಯಂತೆ, ಕುತ್ತಿಗೆಯವರೆಗೆ ಏನೂ ಆಡುವುದಿಲ್ಲವಂತೆ. ಅವರಿಗೆ ಬೇಕಾಗಿದ್ದುದು ಔಷಧವಲ್ಲ, ಬುದ್ಧಿಮಾತೂ ಅಲ್ಲ. ನಾನು ನಡೆಯುವುದನ್ನು ಒಂದು ಸಲ ನೋಡಬೇಕಿತ್ತು, ಅಷ್ಟೆ. ಕೋಲನ್ನು ಬೇಕೆಂದೇ ಒಳಗಿಟ್ಟು ಅಂಗಳದಲ್ಲಿ ಸುತ್ತು ಹಾಕಿ ತೋರಿಸಿದೆ. ಕೊನೆಯಲ್ಲಿ ಸಣ್ಣದೊಂದು ಕುಣಿತವನ್ನೂ ಸೇರಿಸಿದೆ. ಅವರು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹಾಗೆ ಅಳುವವರು ಇನ್ನೂ ಎಷ್ಟು ಮಂದಿ ಇದ್ದಾರೋ. ಎಲ್ಲರ ಅಂಗಳದಲ್ಲೂ ಕುಣಿಯಲು ನನ್ನಿಂದಾಗದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ಎಂಥವನು ಎಂದು ಹೇಳಿಬಿಡುತ್ತೇನೆ. ಆಗ, ಎಂದರೆ ಎಂಬತ್ತರ ದಶಕದ ಕೊನೆಯಲ್ಲಿ, ಶಿಡ್ಲಘಟ್ಟದಲ್ಲಿ ಅನ್ವರ್ ಸಾಬಿಯ ಜೊತೆ ಪಾಲಿನಲ್ಲಿ ರೇಷ್ಮೆಗೂಡು ಬಿಚ್ಚುವ ಶೆಡ್ಡು ನಡೆಸುತ್ತಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದೆ. ಅಲ್ಲಿ ಶೇಷಗಿರಿ ಮೇಷ್ಟ್ರು ಎಂಬ ನಿವೃತ್ತ ಸಂಸ್ಕೃತ ಮೇಷ್ಟ್ರು ಭಜನೆ ಮಂದಿರದ ಜಗುಲಿಯಲ್ಲಿ ವೇದಾಂತ ಹೇಳುತ್ತಿದ್ದರು. ದೇಹ ನೀನಲ್ಲ, ಮನಸ್ಸು ನೀನಲ್ಲ, ಇವನ್ನೆಲ್ಲ ಸುಮ್ಮನೆ ನೋಡುತ್ತಾ ಕೂತಿರುವ ಅರಿವೊಂದಿದೆ, ಅದೇ ನೀನು, ಅದೇ ದೇವರು. ಬೇರೆ ದೇವರನ್ನು ಹುಡುಕಿಕೊಂಡು ಹೋಗಬೇಡ. ಇಷ್ಟು ಸಾಕಾಗಿತ್ತು ನನಗೆ. ನಾನೇ ದೇವರು ಎಂದು ಒಬ್ಬ ವಿದ್ವಾಂಸರ ಬಾಯಲ್ಲಿ ಕೇಳಿಸಿಕೊಂಡವನು ಸುಮ್ಮನೆ ಕೂರುತ್ತಾನೆಯೇ?

ಒಂದು ಶನಿವಾರ ಪಾಠ ಮುಗಿಯುವಷ್ಟರಲ್ಲಿ ಮೇಷ್ಟ್ರ ಚಪ್ಪಲಿಗಳನ್ನು ಮಂದಿರದ ಡೋಲಿನ ಹಿಂದೆ ಬಚ್ಚಿಟ್ಟೆ. ಹೊರಗೆ ಸುಡು ಬಿಸಿಲು. ಅವರು ಮೆಟ್ಟಿಲ ಮೇಲೆ ನಿಂತು ಸುತ್ತ ನೋಡಿದರು.

"ಪಾದಾನೇ ನಿಮ್ಮದಲ್ಲ ಅಂದ್ಮೇಲೆ ಚಪ್ಪಲಿ ಯಾವ ಲೆಕ್ಕ ಮೇಷ್ಟ್ರೇ?" ಅಂದೆ.

"ಪಾದ ನಂದಲ್ಲ, ಒಪ್ಕೊಂಡೆ ಕಣಯ್ಯಾ. ಚಪ್ಪಲಿ ಮಾತ್ರ ನಂದೇ. ತೆಗಿ ಆಚೆಗೆ."

ಮನೆಯಲ್ಲಿ ನನ್ನ ಹೆಂಡತಿ ಜಯಮ್ಮನ ಮುಂದೆ ಈ ವಿದ್ಯೆ ಅಷ್ಟು ನಡೆಯುತ್ತಿರಲಿಲ್ಲ. ಅವಳು ಚಿಂತಾಮಣಿಯ ಆಚೆ, ಅಂಬಾಜಿದುರ್ಗದ ಬುಡದ ಹಳ್ಳಿಯವಳು. ಹುಟ್ಟಿದಾಗಿನಿಂದ ರೇಷ್ಮೆಹುಳ ಸಾಕುವ ಮನೆಯಲ್ಲಿ ಬೆಳೆದವಳು.

"ರೀ, ಬೋರ್‌ವೆಲ್ಲಿಂದ ನೀರು ತಂದ್ ಹಾಕಿ."

"ಪರಬ್ರಹ್ಮ ಎಲ್ಲಾದ್ರೂ ಬಿಂದಿಗೆ ಹೊರೋದುಂಟೇನೇ ಜಯಾ?"

"ಹಂಗಾದ್ರೆ ಪರಬ್ರಹ್ಮ ಮಧ್ಯಾಹ್ನ ಮುದ್ದೆಗೂ ಬಂದು ಕೂರೋದು ಬೇಡ."

ಬಿಂದಿಗೆ ಎತ್ತಿಕೊಂಡು ಹೊರಟೆ.

ಕಾಯಿಲೆ ಬಂದದ್ದು ಬೇಸಿಗೆಯಲ್ಲಿ. ಗೌರಿಬಿದನೂರಿನಲ್ಲಿ ಒಂದು ಮದುವೆ ಊಟ ಮಾಡಿಬಂದು ಹೊಟ್ಟೆ ಕೆಟ್ಟಿತ್ತು. ಅದು ವಾಸಿಯಾಗಿ ಕೆಲವು ದಿನಗಳಾದ ಮೇಲೆ ಪಾದಗಳಲ್ಲಿ ಜುಮುಜುಮು ಶುರುವಾಯಿತು. ಮಾರನೆಯ ದಿನ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ನಡೆಯುತ್ತಿದ್ದಾಗ ಎರಡೂ ಕಾಲು ಹೇಳದೆ ಕೇಳದೆ ಕೈಬಿಟ್ಟವು. ಗೂಡಿನ ಜಾಲರಿಗಳ ನಡುವೆ ಧೊಪ್ಪೆಂದು ಕೂತೆ.

ಸುತ್ತಲಿದ್ದವರೆಲ್ಲ ನಕ್ಕರು. ನಗದೆ ಏನು ಮಾಡಿಯಾರು? ಅದಕ್ಕೆ ಹಿಂದಿನ ವರ್ಷ ಅದೇ ಜಾಗದಲ್ಲಿ ನಾನು ಮೂರ್ಛೆ ಬಿದ್ದವನಂತೆ ಬಿದ್ದು, ಗೂಡು ಕೊಳ್ಳಲು ಬಂದಿದ್ದ ಮಿಕ್ಕ ರೀಲರುಗಳೆಲ್ಲ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದಾಗ ಅನ್ವರ್ ಒಳ್ಳೆಯದೊಂದು ಗೂಡಿನ ಲಾಟನ್ನು ಕಡಿಮೆ ಬೆಲೆಗೆ ಕೂಗಿಕೊಂಡಿದ್ದ. ಆ ಕಥೆ ಮಾರ್ಕೆಟ್ಟಿಗೆಲ್ಲ ಗೊತ್ತು.

"ಏಳೋ ಮುನಿಯಪ್ಪಾ," ಅಂದ ಅನ್ವರ್. "ಹಳೇ ಆಟ ಅದು. ಇವತ್ತು ಲಾಟೂ ಚೆನ್ನಾಗಿಲ್ಲ, ಯಾರಿಗೋಸ್ಕರ ಬಿದ್ದೆ?"

"ಕಾಲು ಬರ್ತಿಲ್ಲ ಕಣೋ."

"ಬರುತ್ತೆ, ಬರುತ್ತೆ," ಎನ್ನುತ್ತಾ ನನ್ನ ಚಪ್ಪಲಿ ಕಿತ್ತು ಅಂಗಾಲಿಗೆ ಕಚಗುಳಿ ಇಟ್ಟ. ನನಗೆ ಕಚಗುಳಿ ಎಂದರೆ ಪ್ರಾಣ ಹೋಗುತ್ತದೆ, ಅವನಿಗದು ಗೊತ್ತು. ಕಾಲು ಮಿಸುಕಲಿಲ್ಲ. ಇನ್ನೊಂದು ಸಲ ಇಟ್ಟ. ಅವನ ನಗು ಮುಖದಲ್ಲೇ ಉಳಿಯಿತು, ಕಣ್ಣು ಮಾತ್ರ ಬೇರೆಯಾಯಿತು. "ಯಾ ಅಲ್ಲಾ," ಎಂದವನೇ ನನ್ನನ್ನು ಮಗುವಿನ ಹಾಗೆ ಎತ್ತಿಕೊಂಡು ತನ್ನ ಮೆಟಡೋರಿನ ಕಡೆ ಓಡಿದ. ನಾನು ಹೆದರಿದ್ದು ಕಾಲು ಹೋದಾಗಲ್ಲ. ಅನ್ವರನ ಆ ಕಣ್ಣು ನೋಡಿದಾಗ.

ಚಿಕ್ಕಬಳ್ಳಾಪುರದ ಒಂದು ಮಿಷನ್ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಸಣ್ಣ ಸುತ್ತಿಗೆಯಿಂದ ಮಂಡಿಗೆ ತಟ್ಟಿದರು. ಬೇರೆಯವರದಾದರೆ ಕಾಲು ಎಗರುತ್ತದಂತೆ. ನನ್ನದು ಎಗರಲಿಲ್ಲ.

"ಇದು ಕೆಳಗಿಂದ ಮೇಲಕ್ಕೆ ಹತ್ಕೊಂಡ್ ಬರೋ ಕಾಯಿಲೆ," ಅಂದರು ಡಾಕ್ಟರು. "ಎಲ್ಲೋ ಒಂದ್ಕಡೆ ನಿಲ್ಲುತ್ತೆ. ಆಮೇಲೆ ನಿಧಾನಕ್ಕೆ ಇಳಿಯುತ್ತೆ. ತುಂಬಾ ಜನ ಎದ್ದು ನಡೀತಾರೆ. ಉಸಿರಾಡೋ ಜಾಗಕ್ಕೆ ಬರೋದ್ರೊಳಗೆ ನಿಂತ್ರೆ ನಾವು ಗೆದ್ದ ಹಾಗೆ."

"ನಿಲ್ಲದೇ ಇದ್ರೆ?" ಎಂದು ಜಯಮ್ಮ ಕೇಳಿದಳು.

"ಬೆಂಗ್ಳೂರಲ್ಲಿ ಉಸಿರಾಡಿಸೋ ಮಿಷನ್ ಇದೆ ತಾಯಿ. ಫೋನ್ ಮಾಡ್ತಾ ಇದೀನಿ, ಸದ್ಯಕ್ಕೆ ಖಾಲಿ ಇಲ್ಲ ಅಂತಿದಾರೆ. ಜೀಪು ರೆಡಿ ಇಟ್ಟಿರ್ತೀವಿ."

ಹೀಗೆ ನನ್ನ ಜೀವನವೆಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿತು: ಅದು ಎಲ್ಲಿಯವರೆಗೆ ಹತ್ತುತ್ತದೆ?

ಅದನ್ನು ಕಾಯುವ ಕೆಲಸ ಸಿಸ್ಟರ್ ಆಗ್ನೆಸ್ ಅವರದು. ಮಂಜು ಬೀಳುವ ದೇಶದಿಂದ ಹುಡುಗಿಯಾಗಿದ್ದಾಗ ಬಂದವರು, ಇಲ್ಲೇ ತಲೆ ನರೆತವರು. ಕನ್ನಡವನ್ನು ಗಡಿಯ ಹಳ್ಳಿಗಳಲ್ಲಿ ಕಲಿತದ್ದರಿಂದ ಅರ್ಧ ತೆಲುಗು. ಉಸಿರಿಗೆ ಅವರು ಊಪಿರಿ ಎಂದೇ ಅನ್ನುತ್ತಿದ್ದರು. ಹೊತ್ತುಹೊತ್ತಿಗೆ ಬಂದು, "ಒಂದೇ ಊಪಿರಿಯಲ್ಲಿ ಎಣಿಸಪ್ಪಾ," ಎನ್ನುವರು. ಒಂದು ಉಸಿರಿಗೆ ಎಷ್ಟು ದೂರ ಹೋಗುತ್ತೇನೆ ಎಂಬುದೇ ಅಳತೆ.

ಅಂಕಿ ಎಣಿಸುವುದು ಶಾಲೆ ಮಕ್ಕಳ ಕೆಲಸ ಎಂದು ನಾನು ಬಸ್ಸಿನ ಕಂಡಕ್ಟರನ ಹಾಗೆ ಕೂಗಿದೆ: "ಗೌರಿಬಿದನೂರು ಮಂಚೇನಹಳ್ಳಿ ಚಿಕ್ಕಬಳ್ಳಾಪುರ ಶಿಡ್ಲಘಟ್ಟ ಚಿಂತಾಮಣಿ ಶ್ರೀನಿವಾಸಪುರ ಮುಳಬಾಗಿಲೂ..." ವಾರ್ಡೆಲ್ಲ ನಕ್ಕಿತು. ಸಿಸ್ಟರೂ ನಕ್ಕರು, ಆದರೆ ಬಿಡಲಿಲ್ಲ. ಅಂದಿನಿಂದ ಅದೇ ಅಳತೆಯಾಯಿತು. ಮರುದಿನ ಬಸ್ಸು ಶ್ರೀನಿವಾಸಪುರದಲ್ಲಿ ನಿಂತಿತು. ಅದರ ಮರುದಿನ ಚಿಂತಾಮಣಿ. ಅಷ್ಟರಲ್ಲಿ ಕೈಗಳೂ ಹೋಗಿದ್ದವು.

ಸಂಜೆ ಅವರು ಮಂಚದಿಂದ ಮಂಚಕ್ಕೆ ಬಂದು ಕೇಳುವರು, "ಪ್ರಾರ್ಥನೆ ಮಾಡಬಹುದಾ?" ಬೇಡವೆಂದರೆ ನಗುತ್ತಾ ಮುಂದೆ ಹೋಗುವರು. ನಾನು ಬೇಡ ಎನ್ನುವ ಬದಲು ವಾದಕ್ಕೆ ಕೂರಿಸಿಕೊಂಡೆ. ನಾಲಿಗೆ ಇನ್ನೂ ನನ್ನದಾಗಿತ್ತಲ್ಲ.

"ಸಿಸ್ಟರೇ, ನೀವು ದೇವ್ರಿಗೆ ಟ್ರಂಕ್ ಕಾಲ್ ಮಾಡ್ತೀರಿ. ಸಿಕ್ಕರೆ ಸಿಕ್ತು, ಇಲ್ಲಾಂದ್ರೆ ಇಲ್ಲ. ನಮಗೆ ಆ ತಾಪತ್ರಯ ಇಲ್ಲ. ಎಕ್ಸ್‌ಚೇಂಜೇ ನಮ್ಮನೇಲಿದೆ."

"ಸಂತೋಷ," ಅಂದರು. "ಎಕ್ಸ್‌ಚೇಂಜ್ ಮನೇಲಿದ್ರೂ ಮಾತಾಡೋಕೆ ಆ ಕಡೆ ಒಬ್ರು ಬೇಕಲ್ಲಪ್ಪಾ?"

"ಆ ಕಡೆ ಈ ಕಡೆ ಎರಡೂ ನಾನೇ ಸಿಸ್ಟರ್. ಮನೆ ಯಜಮಾನನೂ ನಾನೇ, ಬಾಡಿಗೆಯವನೂ ನಾನೇ."

"ಸೂರು ಸೋರಿದ್ರೆ ಯಾರ ಹತ್ರ ಹೇಳ್ತೀಯಾ ಮತ್ತೆ?"

ನಾಳೆ ಹೇಳುತ್ತೇನೆ ಎಂದೆ. ನಾಳೆಯ ಹೊತ್ತಿಗೆ ನನ್ನ ಮಾತು ತೊದಲಿತು. ಆಮೇಲೆ ಮುಖದ ಸ್ನಾಯುಗಳು ಸಡಿಲವಾಗಿ ಮಾತು ಪೂರ್ತಿ ನಿಂತೇ ಹೋಯಿತು. ಮೂಗಿನಲ್ಲಿ ನಳಿಗೆ ಇಟ್ಟು ಗಂಜಿ ಬಿಡತೊಡಗಿದರು. ಕಣ್ಣುಗುಡ್ಡೆ ಮಾತ್ರ ತಿರುಗುತ್ತಿತ್ತು. ರೆಪ್ಪೆ ಮುಚ್ಚುತ್ತಿರಲಿಲ್ಲ, ಒಣಗದಿರಲಿ ಎಂದು ಸಿಸ್ಟರ್ ಅವುಗಳ ಮೇಲೆ ಒದ್ದೆ ಹತ್ತಿ ಇಡುತ್ತಿದ್ದರು.

ಈಗ ಒಳಗಿನ ಸಂಗತಿ ಹೇಳುತ್ತೇನೆ, ಏಕೆಂದರೆ ಗೌರಿಬಿದನೂರಿನ ಆ ಹುಡುಗಿ ಈಗ ಅಲ್ಲಿಯೇ ಇದ್ದಾಳೆ.

ಮೊದಲ ದಿನ ನನಗೆ ಹೆಮ್ಮೆಯಾಯಿತು, ನಂಬಿದರೆ ನಂಬಿ. ದೇಹ ನಾನಲ್ಲ ಎಂದು ಮೇಷ್ಟ್ರು ಬಾಯಿಮಾತಿನಲ್ಲಿ ಹೇಳುತ್ತಿದ್ದರು. ನನಗೆ ಅದು ಸಾಕ್ಷಾತ್ತಾಗಿ ಸಿಕ್ಕಿತ್ತು. ಕೈಯಿದೆ, ಆದರೆ ನನ್ನದಲ್ಲ. ಕಾಲಿದೆ, ಯಾರದೋ. ಮಧ್ಯದಲ್ಲಿ ನಾನು ಎಚ್ಚರವಾಗಿ, ಶುಭ್ರವಾಗಿ, ಒಂದಿಷ್ಟೂ ಕಡಿಮೆಯಾಗದೆ ಉಳಿದಿದ್ದೆ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಆ ನೋಡುವವನಿಗೆ ಕಾಯಿಲೆಯೇ ತಗುಲಿರಲಿಲ್ಲ.

ಆಮೇಲೆ ಒಂದು ನೊಣ ಮೂಗಿನ ಮೇಲೆ ಕೂತಿತು.

ನೋಡುವವನು ನೋಡಿದ. ನೊಣ ತುಟಿಗೆ ಬಂತು, ಕಣ್ಣಿನ ಅಂಚಿಗೆ ಹೋಯಿತು. ನೋಡುವವನು ಇನ್ನೂ ನೋಡಿದ. ಅವನಿಗೆ ಕೈಯಿಲ್ಲ. ಬಹಳ ಹೊತ್ತು ಹಾಗೇ ಕಳೆಯಿತು. ಆಗ ನನ್ನೊಳಗಿನಿಂದ ಯಾರೋ 'ಅಮ್ಮಾ' ಅಂದರು. ನಾನು ಅಮ್ಮನನ್ನು ಕಳೆದುಕೊಂಡು ಬಹಳ ಕಾಲವಾಗಿತ್ತು. ಕರೆದದ್ದು ಅವಳನ್ನಲ್ಲ. ಯಾರನ್ನು ಎಂದು ಗೊತ್ತಿಲ್ಲದೆ ಕರೆದೆ. ನಾನೇ ದೇವರು ಎಂದು ಊರೆಲ್ಲ ಸಾರಿದ ಗಂಡಸು, ಒಂದು ನೊಣಕ್ಕೆ, 'ನೀನು' ಎಂದು ಕರೆಯಲು ಒಬ್ಬರನ್ನು ಹುಡುಕಿಕೊಂಡು ಹೊರಟೆ. ಸೂರು ಸೋರಿತ್ತು.

ನೆಂಟರು ಬಂದರು. ಕಣ್ಣ ಮೇಲೆ ಹತ್ತಿ ಇದ್ದರೆ ನನಗೆ ಪ್ರಜ್ಞೆ ಇಲ್ಲವೆಂದೇ ಎಲ್ಲರ ತೀರ್ಮಾನ. ಜಯಮ್ಮನ ಚಿಕ್ಕಮ್ಮ ತೆಲುಗಿನಲ್ಲಿ ರಾಗ ಎಳೆದಳು, "ಅಯ್ಯೋ ಪಾಪಂ, ಎಂತ ಮಂಚಿ ಮನಿಷಿ." ಎಂಥ ಒಳ್ಳೆಯ ಮನುಷ್ಯ ಎಂದು. ಅದೇ ಚಿಕ್ಕಮ್ಮ ಅದರ ಹಿಂದಿನ ವರ್ಷ ನಾನು ಅವಳ ಎಲೆಅಡಿಕೆ ಚೀಲದಲ್ಲಿ ಕಪ್ಪೆ ಬಿಟ್ಟಾಗ ನನ್ನ ವಂಶವನ್ನೆಲ್ಲ ಬೈದಿದ್ದಳು. ಬದುಕಿರುವಾಗಲೇ ಸತ್ತವನ ಹೊಗಳಿಕೆ ಕೇಳುವ ಭಾಗ್ಯ ಯಾರಿಗುಂಟು? ಅವಳ ಮಗ ಮಾತ್ರ, ಹೆಣ ಸಾಗಿಸಲು ಅನ್ವರನ ಮೆಟಡೋರು ಸಿಗುತ್ತದೆಯೇ ಎಂದು ಮೆಲ್ಲಗೆ ವಿಚಾರಿಸಿದ. ಅಲುಗದೆ ಮಲಗಿದವರ ಮುಂದೆ ಮಾತಾಡುವವರು ಇದನ್ನು ನೆನಪಿಡಿ. ಎಲ್ಲ ಕೇಳಿಸುತ್ತದೆ. ಆಮೇಲೆ ಆ ಹೆಣವೇ ಎದ್ದು ಬಂದು ಹಲ್ಲು ಕಿರಿಯುತ್ತದೆ.

ಜಯಮ್ಮ ಅವರನ್ನೆಲ್ಲ ಹೊರಗೆ ಅಟ್ಟಿದಳು. ಹತ್ತಿ ಎತ್ತಿ ನನ್ನ ಕಣ್ಣಲ್ಲಿ ಕಣ್ಣಿಟ್ಟಳು. "ಒಳಗಿದೀರಾ?" ಕಣ್ಣುಗುಡ್ಡೆ ಮೇಲೆತ್ತಿದೆ. "ಇರಿ ಹಂಗೇ," ಎಂದಳು. ಆಮೇಲೆ ಒಂದು ಕೆಲಸ ಮಾಡಿದಳು. ಮನೆಯಿಂದ ನಾಲ್ಕು ಅಲ್ಯೂಮಿನಿಯಂ ಬಟ್ಟಲು ತರಿಸಿ, ನನ್ನ ಮಂಚದ ನಾಲ್ಕು ಕಾಲನ್ನೂ ಒಂದೊಂದು ಬಟ್ಟಲಿನಲ್ಲಿ ಇಡಿಸಿ, ನೀರು ತುಂಬಿಸಿದಳು.

ಹುಳ ಸಾಕುವವರಿಗೆ ಇದು ಗೊತ್ತು. ಹುಳದ ತಟ್ಟೆಗಳನ್ನಿಡುವ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಾರೆ, ಇರುವೆ ಹತ್ತದಿರಲಿ ಎಂದು. ಮೈ ಕೊಡವಿಕೊಳ್ಳಲಾರದ ಜೀವ ಮಂಚದ ಮೇಲಿದೆ. ಜಯಮ್ಮನಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಅವಳು ಯಾರಿಗೂ ಹೇಳಲೂ ಇಲ್ಲ.

ಹತ್ತಿಯ ಅಂಚಿನಿಂದ ನನಗೆ ಅಷ್ಟಿಷ್ಟು ಕಾಣುತ್ತಿತ್ತು. ಮಾರನೆಯ ದಿನ ಆಯಾ ನೆಲ ಒರೆಸಲು ಬಂದು ಬಟ್ಟಲು ಸರಿಸಲು ಹೋದಳು. ಸಿಸ್ಟರ್ ತಡೆದರು. "ಬೇಡಮ್ಮಾ, ಮುಟ್ಟಬೇಡ. ಅದು ಅವರ ಪೂಜೆ. ಸುತ್ತ ಒರೆಸು, ಸಾಕು." ಹೇಳಿ, ತಾವೇ ಹೂಜಿ ತಂದು ಕಡಿಮೆಯಾಗಿದ್ದ ನೀರನ್ನು ತುಂಬಿದರು. ಶಬ್ದವಾಗದ ಹಾಗೆ, ದೇವರ ಮನೆಯಲ್ಲಿ ನಡೆದಾಡುವವರ ಹಾಗೆ.

ಅದೇ ಮಧ್ಯಾಹ್ನ ಶೇಷಗಿರಿ ಮೇಷ್ಟ್ರು ಅನ್ವರನ ಜೊತೆ ಬಂದರು. ಬಟ್ಟಲು ಕಂಡು ನಿಂತರು. ಅನ್ವರನ ತೋಳು ಹಿಡಿದು, "ದೂರ ಬಾರಯ್ಯಾ, ಕಾಲು ತಗುಲೀತು. ಅದು ಇವರ ಮತದ ತೀರ್ಥ ಅಂತ ಕಾಣುತ್ತೆ," ಎಂದು ಪಿಸುಗುಟ್ಟಿದರು. ಪಂಚೆ ಎತ್ತಿ ಹಿಡಿದು, ಪ್ರದಕ್ಷಿಣೆ ಹಾಕುವವರಂತೆ ಸುತ್ತಿಬಂದು ಕೂತರು. ಅನ್ವರ್ ಒಂದು ಬಟ್ಟಲು ಇಣುಕಿ ನೋಡಿದ. "ಯಾರದ್ದಾದ್ರೂ ಇರ್ಲಿ ಮೇಷ್ಟ್ರೇ, ಇದ್ರಲ್ಲಿ ನೀರು ಕಮ್ಮಿ ಇದೆ," ಎಂದು ತನ್ನ ಬಾಟಲಿಯ ನೀರು ಸುರಿದ.

ಓದುಗರೇ, ನನ್ನ ಸಂಕಟ ಊಹಿಸಿಕೊಳ್ಳಿ. ಜೀವಮಾನವೆಲ್ಲ ಇಂಥ ತಮಾಷೆಗಾಗಿ ತಪಸ್ಸು ಮಾಡಿದವನು ನಾನು. ವೇದಾಂತಿಯ ಪೂಜೆಯೆಂದು ಕ್ರೈಸ್ತ ಸನ್ಯಾಸಿನಿ ನೀರೆರೆಯುತ್ತಿದ್ದಾರೆ, ಕ್ರೈಸ್ತರ ತೀರ್ಥವೆಂದು ವೇದಾಂತಿ ಪ್ರದಕ್ಷಿಣೆ ಬರುತ್ತಿದ್ದಾರೆ, ನಡುವೆ ಸಾಬಿ ಒಬ್ಬ ನೀರು ಸುರಿಯುತ್ತಿದ್ದಾನೆ, ಎಲ್ಲವೂ ಇರುವೆಗಾಗಿ. ನಾನು ಹೂಡದೇ ಬಂದ ನನ್ನ ಅತ್ಯುತ್ತಮ ತಮಾಷೆ ಅದು, ಮತ್ತು ನನಗೆ ನಗಲು ಬಾಯಿಲ್ಲ. ಆ ಹೊತ್ತಿನಲ್ಲಿ ನಾನು ನಗುವಿನಿಂದಲೇ ಸಾಯುತ್ತೇನೆ ಎನ್ನಿಸಿತ್ತು.

ಆದರೆ ಅಂದು ಉಸಿರು ನಿಜವಾಗಿಯೇ ಇಳಿಯತೊಡಗಿತ್ತು. ಮಾತು ನಿಂತ ಮೇಲೆ ಸಿಸ್ಟರ್ ನನ್ನ ಎದೆಯ ಮೇಲೆ ಅಂಗೈಯಿಟ್ಟು ಊರುಗಳ ಹೆಸರನ್ನು ತಾವೇ ಹೇಳುತ್ತಿದ್ದರು: "ಗೌರಿಬಿದನೂರು" ಎಂದರೆ ನಾನು ಉಸಿರೆಳೆಯಬೇಕು, "ಮಂಚೇನಹಳ್ಳಿ" ಎಂದರೆ ಬಿಡಬೇಕು. ಅಂದು ಎದೆ ಅರ್ಧಕ್ಕೇ ನಿಲ್ಲುತ್ತಿತ್ತು. ಡಾಕ್ಟರು ಬಂದು ನೋಡಿ ಜಯಮ್ಮನನ್ನು ಪಕ್ಕಕ್ಕೆ ಕರೆದರು. ನನಗೆ ಕೇಳಿಸಿತು.

"ಸಾಯಂಕಾಲದವರೆಗೆ ನೋಡಣ. ಉಸಿರು ಇನ್ನೂ ಇಳಿದ್ರೆ ಬೆಂಗ್ಳೂರಿಗೆ ಹೊರಡಲೇಬೇಕು. ಅಲ್ಲಿ ಮಿಷನ್ ಖಾಲಿ ಆಗುತ್ತೋ ಇಲ್ವೋ, ದಾರೀಲಿ ಏನಾಗುತ್ತೋ, ನಾನು ಸುಳ್ಳು ಹೇಳಲ್ಲ."

ಜೀಪನ್ನು ವಾರ್ಡಿನ ಬಾಗಿಲಿಗೆ ತಂದು ನಿಲ್ಲಿಸಿದರು.

ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿದರು. ಹೋಗುವವನ ಕಿವಿಯಲ್ಲಿ ಹೇಳುವ ಮಾತನ್ನು ಹೇಳಲು. ಅದೇ ಹೊತ್ತಿಗೆ ಸಿಸ್ಟರ್ ಪ್ರಾರ್ಥನೆಗೆ ಕೈ ಜೋಡಿಸಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀವು ಮೊದಲು ಸಿಸ್ಟರ್."

"ಇಲ್ಲ ಮೇಷ್ಟ್ರೇ, ದಯಮಾಡಿ ನೀವು ಮುಗಿಸಿ."

"ಛೆ ಛೆ, ಇದು ನಿಮ್ಮ ಜಾಗ."

"ಅವರು ನಿಮ್ಮ ಶಿಷ್ಯ."

ಬಸ್ಸಿನ ಬಾಗಿಲಲ್ಲಿ ಮರ್ಯಾದಸ್ಥರಿಬ್ಬರು ನೀವು ಹತ್ತಿ ನೀವು ಹತ್ತಿ ಎನ್ನುತ್ತಾ ಬಸ್ಸನ್ನೇ ಕಳೆದುಕೊಳ್ಳುವುದುಂಟಲ್ಲ, ಹಾಗೆ. ಇಲ್ಲಿ ಹೊರಟಿದ್ದ ಬಸ್ಸು ನಾನು.

ಜಯಮ್ಮ ಸೆರಗು ಬಿಗಿದು ಎದ್ದು ಬಂದಳು. "ಇಬ್ರೂ ಸುಮ್ನೆ ಕೂತ್ಕೊಳ್ಳಿ. ಮಾತು ಬೇಡ."

"ಏನಮ್ಮಾ ಅದು..." ಮೇಷ್ಟ್ರು ತಡವರಿಸಿದರು.

"ನಮ್ಮನೇಲಿ ಹುಳ ಜ್ವರಕ್ಕೆ ಕೂರುತ್ತೆ ಮೇಷ್ಟ್ರೇ. ತಲೆ ಎತ್ಕೊಂಡು ಕಲ್ಲಿನಂಗೆ ಕೂತಿರುತ್ತೆ, ಸೊಪ್ಪು ಮುಟ್ಟಲ್ಲ. ಗೊತ್ತಿಲ್ದೋರು ಸತ್ತೋಯ್ತು ಅಂತಾರೆ. ಪೊರೆ ಬಿಡೋ ಕೆಲಸ ಒಳಗೆ ಅದೇ ಮಾಡ್ಕೋಬೇಕು, ನಾವು ಕೈ ಹಾಕಂಗಿಲ್ಲ. ಆದ್ರೆ ಬಿಟ್ಟು ಹೋಗಂಗೂ ಇಲ್ಲ. ಇರುವೆ ಬರುತ್ತೆ, ಹಲ್ಲಿ ಬರುತ್ತೆ. ಮನೇಲಿ ಒಗ್ಗರಣೆ ಕೂಡ ಹಾಕಲ್ಲ, ಗಟ್ಟಿಯಾಗಿ ಮಾತಾಡಲ್ಲ. ಒಬ್ರು ಪಕ್ಕದಲ್ಲಿ ಕೂತು ನೋಡ್ಕೋತಾ ಇರ್ತೀವಿ, ಅಷ್ಟೇ. ಇವರೂ ಈಗ ಹಂಗೇ ಇದಾರೆ. ಕೂತ್ಕೊಳ್ಳಿ."

ಕೂತರು. ಸಿಸ್ಟರ್ ಅಂಗೈ ನನ್ನ ಎದೆಯ ಮೇಲೆ. ಮೇಷ್ಟ್ರು ಬೀಸಣಿಗೆ ತೆಗೆದುಕೊಂಡರು. ಅನ್ವರ್ ಬಾಗಿಲಲ್ಲಿ ನಿಂತು ಬರುವ ನೆಂಟರನ್ನು ತಡೆಯುತ್ತಿದ್ದ. ಜಯಮ್ಮ ಕಣ್ಣ ಮೇಲಿನ ಹತ್ತಿ ತೆಗೆದಿದ್ದಳು, ಆದ್ದರಿಂದ ಅಂದು ನಾನು ಕಂಡದ್ದನ್ನು ಜಗತ್ತಿನಲ್ಲಿ ಬೇರೆ ಯಾರೂ ಕಂಡಿಲ್ಲ.

ದೇವರೊಂದಿಗೆ ಮಾತಾಡುವ ಸಿಸ್ಟರ್ ಕಣ್ಣುಮುಚ್ಚಿ, ತುಟಿಯನ್ನೂ ಅಲುಗಿಸದೆ, ತಮ್ಮೊಳಗೆ ಎಲ್ಲೋ ಆಳಕ್ಕೆ ಇಳಿದು ಕಲ್ಲಿನ ಹಾಗೆ ಕೂತಿದ್ದರು. ಬೇರೆ ದೇವರಿಲ್ಲ, ಯಾರನ್ನೂ ಬೇಡಬೇಡ ಎಂದು ಬೋಧಿಸಿದ ಮೇಷ್ಟ್ರು ಒಂದು ಕೈಯಲ್ಲಿ ನನ್ನ ಮುಖದ ನೊಣ ಓಡಿಸುತ್ತಾ, "ಉಳಿಸಪ್ಪಾ, ಇವನೊಬ್ಬನನ್ನ ಉಳಿಸಪ್ಪಾ," ಎಂದು ಯಾರನ್ನೋ ಬೇಡಿಕೊಳ್ಳುತ್ತಿದ್ದರು, ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಒಬ್ಬರ ಅಂಗಿಯನ್ನು ಇನ್ನೊಬ್ಬರು ತೊಟ್ಟುಕೊಂಡ ಹಾಗಿತ್ತು, ಇಬ್ಬರಿಗೂ ಅಳತೆ ಸರಿಯಾಗಿತ್ತು.

ನಾನು ಒಳಗಿದ್ದೆ. ಹೆದರಿಕೆಯೂ ಇತ್ತು, ಹೋಗಿರಲಿಲ್ಲ. ಆದರೆ ನೋಡುವವನು ಈಗ ಒಂಟಿಯಾಗಿರಲಿಲ್ಲ. ಎದೆಯ ಮೇಲೊಂದು ಕೈ, ಅದರ ಕೆಳಗೆ ನನ್ನ ಉಸಿರು. ಸ್ವಲ್ಪ ಹೊತ್ತಿಗೆ ಯಾವುದು ಒಳಗೆ, ಯಾವುದು ಹೊರಗೆ, ಯಾವುದು ನಾನು, ಯಾವುದು ನೀನು ಎಂಬ ಲೆಕ್ಕ ತಪ್ಪಿಹೋಯಿತು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬಾರದು. ಹೇಳಿದರೆ ಜಂಬ ಕೊಚ್ಚಿದ ಹಾಗಾಗುತ್ತದೆ, ಅದೊಂದು ವಿಷಯದಲ್ಲಿ ಮಾತ್ರ ನನಗೆ ಜಂಬವಿಲ್ಲ.

ಸಂಜೆ ಡಾಕ್ಟರು ಬಂದರು. ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. "ಉಸಿರು ಇಳಿದಿಲ್ಲ," ಅಂದರು. "ಅಲ್ಲೇ ನಿಂತಿದೆ." ಜೀಪನ್ನು ವಾಪಸ್ಸು ಶೆಡ್ಡಿಗೆ ಬಿಟ್ಟರು. ಮಾರನೆಯ ದಿನವೂ ಅಲ್ಲೇ ನಿಂತಿತ್ತು. ಅದರಾಚೆ ಒಂದೊಂದು ಊರಾಗಿ ಎದೆ ತುಂಬತೊಡಗಿತು.

ಆಮೇಲೆ ಕಾಯುವುದೇ ಕೆಲಸ. ಅದು ಬೇಜಾರಿನ ಭಾಗ, ಅಲ್ಲಿ ತಮಾಷೆ ಕಡಿಮೆ. ಹಿಂಬದಿ ಹುಣ್ಣಾಗದಿರಲಿ ಎಂದು ಮಗ್ಗುಲು ಬದಲಿಸುವುದು, ಬದಲಿಸುವಾಗಿನ ನೋವು, ಕಿಟಕಿಯಾಚೆ ಬೇವಿನ ಮರದ ಒಂದೇ ಕೊಂಬೆಯನ್ನು ದಿನವಿಡೀ ನೋಡುವುದು. ಆ ಹುಡುಗಿಗೆ ಹೇಳಿ: ಬೇಜಾರು ಬಂತೆಂದರೆ ಅಪಾಯ ದಾಟಿತು ಎಂದರ್ಥ.

ಒಂದು ಮಧ್ಯಾಹ್ನ ಜಯಮ್ಮ ಬಟ್ಟೆ ಒಗೆಯಲು ಹೋಗಿದ್ದಳು. ಬಿಸಿಲಿನ ಝಳಕ್ಕೆ ಒಂದು ಬಟ್ಟಲು ಒಣಗಿತ್ತು. ಇದ್ದಕ್ಕಿದ್ದಂತೆ ಬಲಗಾಲಿನ ಹೆಬ್ಬೆರಳಿನಲ್ಲಿ ಚುರುಕ್ ಎಂದಿತು. ಕೆಂಜಿಗ. ನೋವಿಗೆ ಹೆಬ್ಬೆರಳು ತಾನಾಗಿಯೇ ಮಿಸುಕಿತು. ಮಿಸುಕಿದ್ದು ನನಗೆ ಗೊತ್ತಾಯಿತು. ಇನ್ನೊಂದು ಸಲ ಬೇಕೆಂದೇ ಮಿಸುಕಿಸಿದೆ.

ಜಯಮ್ಮ ಬಂದು ಇರುವೆ ಸಾಲು ನೋಡಿ ತಲೆ ಚಚ್ಚಿಕೊಂಡಳು. "ನಾನು ನೋಡ್ಕೋಬೇಕಿತ್ತು. ನಾನ್ ಎಲ್ಲಿ ಸತ್ತಿದ್ದೆ." ಅಳುತ್ತಾ ಇರುವೆ ಒರೆಸುತ್ತಿದ್ದವಳ ಕೈಯನ್ನು ನನ್ನ ಹೆಬ್ಬೆರಳು ತಟ್ಟಿತು. ಅವಳು ಕೈ ಹಿಂದಕ್ಕೆಳೆದುಕೊಂಡು ನನ್ನ ಮುಖ ನೋಡಿದಳು. ಮತ್ತೆ ಅಲುಗಿಸಿದೆ.

ಆ ಇರುವೆಯ ಬಗ್ಗೆ ಮೂರು ಅಭಿಪ್ರಾಯ ಬಂದವು. ದೇವರು ಕಳಿಸಿದ್ದು ಎಂದರು ಸಿಸ್ಟರ್. ದೇವರೇ ಬಂದದ್ದು ಎಂದರು ಮೇಷ್ಟ್ರು. "ಪಾಪ, ಅದಕ್ಕೆ ಹಸಿವಾಗಿತ್ತು," ಅಂದ ಅನ್ವರ್.

ಮಾತು ಮರಳಿದಾಗ ಬಟ್ಟಲಿನ ನಿಜ ಸಂಗತಿಯನ್ನು ಎಲ್ಲರನ್ನೂ ಸೇರಿಸಿ, ನಿಧಾನವಾಗಿ, ಪ್ರತಿ ಹನಿಯ ರುಚಿ ನೋಡುತ್ತಾ ಹೇಳಿದೆ. ಸಿಸ್ಟರ್ ಮುಖ ಕೆಂಪಾಗಿ, ಗೋಡೆಗೆ ಒರಗಿ, ಕಣ್ಣೀರು ಬರುವಷ್ಟು ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ತೀರ್ಥ ಅಲ್ಲ ಅಂತ ನಿನಗೆ ಯಾರಯ್ಯಾ ಹೇಳಿದ್ದು?" ಎಂದರು. ಅಲ್ಲಿಂದಾಚೆ ಶನಿವಾರಗಳಂದು ಸಿಸ್ಟರ್ ಬಿಡುವಾದಾಗ ಮಂದಿರದ ಜಗುಲಿಗೆ ಬಂದು ಹಿಂದೆ ಕೂರುತ್ತಿದ್ದರು. ವಾದ ನಿಲ್ಲಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಸೋಲಲಿಲ್ಲ, ನೀವು ಮೊದಲು ನೀವು ಮೊದಲು ಎನ್ನುವುದನ್ನೂ ಬಿಡಲಿಲ್ಲ. ಕೆಲವು ವರ್ಷಗಳಾದ ಮೇಲೆ ಸಿಸ್ಟರ್ ವಯಸ್ಸಾಗಿ ತಮ್ಮ ದೇಶಕ್ಕೆ ಮರಳಿದರು.

ನಾನು ಮೊದಲು ಕೂತೆ, ಆಮೇಲೆ ನಿಂತೆ, ಆಮೇಲೆ ಅನ್ವರನ ಹೆಗಲು ಹಿಡಿದು ಗೂಡಿನ ಮಾರ್ಕೆಟ್ಟಿಗೆ ಹೋದೆ. ಎಡಗಾಲು ಈಗಲೂ ಸ್ವಲ್ಪ ಎಳೆಯುತ್ತದೆ. ಬೇಕಾದಾಗ ಇನ್ನೂ ಸ್ವಲ್ಪ ಹೆಚ್ಚು ಎಳೆಯುವ ಹಾಗೆ ಮಾಡಿ ಬಸ್ಸಿನಲ್ಲಿ ಸೀಟು ಹಿಡಿಯುತ್ತೇನೆ.

ಹೋದ ಬೇಸಿಗೆಯಲ್ಲಿ ಮೇಷ್ಟ್ರು ಹಾಸಿಗೆ ಹಿಡಿದರು. ಗೌರಿಬಿದನೂರಿನಲ್ಲಿ ಮಗಳ ಮನೆಯಲ್ಲಿದ್ದರು. ಜಯಮ್ಮ ಅಟ್ಟದಿಂದ ಆ ನಾಲ್ಕು ಬಟ್ಟಲನ್ನೇ ತೆಗೆದು ಚೀಲಕ್ಕೆ ಹಾಕಿಕೊಟ್ಟಳು. ಹೋದಾಗ ಮಧ್ಯಾಹ್ನ, ಅವರು ಕಣ್ಣುಮುಚ್ಚಿ ಮಲಗಿದ್ದರು, ಕೈಕಾಲು ಊದಿತ್ತು. ನಾನು ನೆಲಕ್ಕೆ ಕೂತು ಮಂಚದ ಕಾಲಿಗೆ ಬಟ್ಟಲು ಕೊಡತೊಡಗಿದೆ.

"ಯಾರಯ್ಯಾ ಅದು ಕೆಳಗೆ?"

"ಪರಬ್ರಹ್ಮ, ಮೇಷ್ಟ್ರೇ."

"ಏನ್ ಮಾಡ್ತಾ ಇದೆ?"

"ಇರುವೆಗೆ ನೀರಿಡ್ತಾ ಇದೆ."

ಅವರು ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ನನ್ನ ಕಡೆ ತಿರುಗಿದರು. "ಮುನಿಯಪ್ಪಾ, ಒಳಗೆ ನೋಡ್ತಾ ಇದೀನಿ ಕಣಯ್ಯಾ. ನೋಡೋನು ಗಟ್ಟಿಯಾಗೇ ಇದಾನೆ. ನಾನು ಹೇಳಿದ್ದು ಸುಳ್ಳಲ್ಲ. ಆದ್ರೂ..."

ಮುಂದಿನ ಮಾತು ನನಗೆ ಬೇಕಾಗಿರಲಿಲ್ಲ, ನಾನು ಆ ಊರು ನೋಡಿಬಂದವನು.

"ಇಲ್ಲೇ ಇರ್ತೀನಿ ಮೇಷ್ಟ್ರೇ."

"ಚಪ್ಪಲಿ?"

"ಬಾಗಿಲಲ್ಲೇ ಇದೆ. ಮುಟ್ಟಿಲ್ಲ."

ಅವರು ಕಣ್ಣು ಮುಚ್ಚಿದರು. ಸ್ಟೂಲು ಎಳೆದುಕೊಂಡು ಕೂತು, ಅವರ ಎದೆಯ ಮೇಲೆ ಅಂಗೈ ಇಟ್ಟೆ. "ಗೌರಿಬಿದನೂರು," ಅಂದೆ ಮೆಲ್ಲಗೆ. ಎದೆ ಏರಿತು. "ಮಂಚೇನಹಳ್ಳಿ," ಅಂದೆ. ಇಳಿಯಿತು.